ತಪ್ಪುಗಳ ಪತ್ರಿಕೆ

ಎಲ್ಲರೂ ಸುತ್ತಿಗೆ ಅಂತ ಕರೆಯುವ ನನ್ನ ಪಾಲುದಾರ ಆ ಡಾಕ್ಟರಮ್ಮನ ಕೈ ಮುರಿದದ್ದು ನಮ್ಮ ವರ್ಕ್‌ಶಾಪಿನ ಮೆಟ್ಟಿಲ ಮೇಲೆ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ನಾನು ಗ್ರೈಂಡರ್ ಹಿಡಿದು ಗೇಟೊಂದರ ಮೂಲೆ ಉಜ್ಜುತ್ತಿದ್ದೆ. ಆ ಸದ್ದಿನಲ್ಲಿ ಅವಳ ಮೊದಲ ಕೂಗು ನನಗೆ ಕೇಳಿಸಲೇ ಇಲ್ಲ. ಮೆಷಿನ್ ನಿಲ್ಲಿಸಿ ಕನ್ನಡಕ ತೆಗೆದಾಗ ಎರಡನೆಯ ಕೂಗು ಕೇಳಿಸಿತು, ಅದರ ಹಿಂದೆಯೇ ಕಬ್ಬಿಣ ಮೂಳೆಗೆ ಬಿದ್ದ ಸದ್ದು. ಇಷ್ಟು ವರ್ಷ ಕಬ್ಬಿಣದ ಜೊತೆ ಇದ್ದೇನೆ. ಅದು ಯಾವುದಕ್ಕೆ ಬಿತ್ತು ಅಂತ ನೋಡದೆಯೂ ಗೊತ್ತಾಗುತ್ತದೆ.

ಓಡಿ ಹೋದೆ. ಅವಳು ಮೆಟ್ಟಿಲ ಮೇಲೆ ಬೆನ್ನಾಗಿ ಬಿದ್ದು ಒಂದು ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಇನ್ನೊಂದು ಕೈ ಮೊಣಕೈ ಕೆಳಗೆ ಬಾಗಬಾರದ ಕಡೆ ಬಾಗಿತ್ತು. ಸುತ್ತಿಗೆ ಸರಳು ಎತ್ತಿ ಮೂರನೆಯ ಏಟಿಗೆ ಸಿದ್ಧನಾಗಿದ್ದ. ಅದು ತಲೆಗೆ ಬೀಳುವ ಏಟು. ನಾನು ಹಿಂದಿನಿಂದ ಅವನ ಕತ್ತಿಗೆ ತೋಳು ಹಾಕಿ ಎಳೆದೆ. ಅವನು ನನಗಿಂತ ಗಟ್ಟಿ ಆಳು, ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ಬಾಯಿ ತುಂಬ ರಕ್ತ ಬಂತು. ಇಬ್ಬರೂ ಮೆಟ್ಟಿಲಿಂದ ಉರುಳಿ ಕೆಳಗಿನ ಸಿಮೆಂಟಿಗೆ ಬಿದ್ದೆವು. ಕೈಗೆ ಸಿಕ್ಕ ಪೈಪಿನ ತುಂಡು ತೆಗೆದುಕೊಂಡು ಅವನ ಮೊಣಕಾಲಿಗೆ ಹೊಡೆದೆ. ಒಂದು ಏಟಿಗೆ ಬಗ್ಗಲಿಲ್ಲ. ಇನ್ನೊಂದು ಹೊಡೆದೆ. ಆಮೇಲೆ ಅವನ ಎದೆಯ ಮೇಲೆ ಕೂತೆ. ಅವನು ನನ್ನ ಕೈ ಕಚ್ಚಿದ, ಬಿಡಲಿಲ್ಲ. ನಾನು ಅವನ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಅಪ್ಪಳಿಸಿದ ಮೇಲೆ ಹಲ್ಲು ಬಿಟ್ಟ.

"ಬಿಡೋ ನನ್ನ," ಅಂದ. "ಇವಳೇ ಕಣೋ. ಅವಳನ್ನ ಸಾಯಿಸಿದ್ದು ಇವಳೇ. ತಾನೇ ಬರ್ಕೊಂಡಿದಾಳೆ."

ಅವಳು ಅಂದರೆ ಅವನ ಹೆಂಡತಿ. ತೀರಿಕೊಂಡು ಎರಡು ವರ್ಷ ಕಳೆದಿತ್ತು.

ವರ್ಕ್‌ಶಾಪು ನಮ್ಮಿಬ್ಬರದು. ಕುಲುಮೆ ಅವನದು, ವೆಲ್ಡಿಂಗ್ ನನ್ನದು. ಕಾದ ಕಬ್ಬಿಣಕ್ಕೆ ಅವನ ಹಾಗೆ ಏಟು ಹಾಕುವವರು ಸುತ್ತಮುತ್ತ ಯಾರೂ ಇಲ್ಲವಾದ್ದರಿಂದ ಆ ಹೆಸರು. ಅವನ ಹೆಂಡತಿಯೂ ಕುಲುಮೆಯಲ್ಲೇ ತಿದಿ ಒತ್ತುತ್ತಿದ್ದಳು, ಕಬ್ಬಿಣ ಹಿಡಿದುಕೊಡುತ್ತಿದ್ದಳು, ಗಿರಾಕಿಗಳ ಹತ್ತಿರ ಜಗಳವಾಡಿ ಬಾಕಿ ವಸೂಲು ಮಾಡುತ್ತಿದ್ದವಳೂ ಅವಳೇ. ಗಂಟಲಲ್ಲಿ ಗಡ್ಡೆ ಅಂತ ಆಪರೇಷನ್ನಿಗೆ ಹೋದವಳು ಟೇಬಲ್ಲಿನಿಂದ ಏಳಲಿಲ್ಲ. ಹೃದಯ ವೀಕ್ ಇತ್ತು ಅಂತ ಆಸ್ಪತ್ರೆಯವರು ಹೇಳಿದರು. ಮಣ್ಣು ಮಾಡಿದ ದಿನವೇ ಸುತ್ತಿಗೆ ತನ್ನ ಬಾಮೈದನನ್ನು ಹಿಡಿದು ಬಡಿದ. ರೋಗ ಮುಚ್ಚಿಟ್ಟು ಮದುವೆ ಮಾಡಿಕೊಟ್ಟಿರಿ ಅಂತ ಅತ್ತೆಯ ಎದುರಿಗೇ ಅವರ ಮಗನ ಮೂಗು ಮುರಿದ. ಅಂದಿನಿಂದ ಆ ಮನೆಯವರಿಗೂ ಇವನಿಗೂ ಹೋಗಿಬರುವ ಬಳಕೆ ಇಲ್ಲ.

ಇನ್ನು ಮಹಡಿಯ ವಿಷಯ.

ಅಲ್ಲಿ ನನ್ನ ಅಕ್ಕನ ಪತ್ರಿಕೆ ಇದೆ. ಅಕ್ಕ ಡಾಕ್ಟರು, ಡಾಕ್ಟರುಗಳಿಗೆ ಪಾಠ ಹೇಳುವವಳು. ಅಪ್ಪ ಅವಳನ್ನು ಓದಿಸಿದ. ನನ್ನನ್ನು ಓದಿಸಲು ನೋಡಿ ಕೈ ಬಿಟ್ಟ. ಅವಳ ಪತ್ರಿಕೆಯಲ್ಲಿ ಕಥೆ ಗಿಥೆ ಬರುವುದಿಲ್ಲ. ಡಾಕ್ಟರುಗಳು ತಾವು ಮಾಡಿದ ತಪ್ಪನ್ನು ತಾವೇ ಬರೆಯುತ್ತಾರೆ: ಇಂಥ ರೋಗಿಗೆ ಹೀಗೆ ಮಾಡಿದೆ, ಇಲ್ಲಿ ಎಡವಿದೆ, ರೋಗಿ ಸತ್ತ, ನೀವು ಹೀಗೆ ಮಾಡಬೇಡಿ. ಬೇರೆ ಡಾಕ್ಟರುಗಳು ಅದನ್ನು ಪರೀಕ್ಷೆ ಮಾಡಿ, ಜರಡಿ ಹಿಡಿದು, ಸರಿ ಅಂದ ಮೇಲೆ ಪ್ರಕಟ.

ಮೊದಲು ಇದನ್ನು ಒಂದು ಕಂಪನಿ ನಡೆಸುತ್ತಿತ್ತು. ಬರೆಯುವವರಿಗೆ ಸಂಬಳ ಇಲ್ಲ, ಪರೀಕ್ಷೆ ಮಾಡುವವರಿಗೆ ಇಲ್ಲ, ಅಕ್ಕನಿಗೂ ಇಲ್ಲ. ಕಂಪನಿ ಅದಕ್ಕೊಂದು ಬೀಗ ಹಾಕಿ ಅದೇ ಡಾಕ್ಟರುಗಳ ಆಸ್ಪತ್ರೆಗಳಿಗೆ ಮಾರುತ್ತಿತ್ತು. ಅಕ್ಕ ಇದನ್ನು ವಿವರಿಸಿದ ದಿನ ನಾನು ಕೇಳಿದೆ: ಗೇಟು ಮಾಡೋನು ನಾನು, ಕಬ್ಬಿಣ ನಂದು, ಬಣ್ಣ ನಂದು, ಆಮೇಲೆ ಆ ಗೇಟು ದಾಟೋಕೆ ನಾನೇ ದುಡ್ಡು ಕೊಡಬೇಕಾ? ಹೌದು ಕಣೋ, ಹಾಗೇ, ಅಂದಳು. ಮತ್ತೆ ನೀವೆಲ್ಲ ಓದಿದವರು ತಾನೇ ಅಂದಿದ್ದಕ್ಕೆ ಅವಳಿಗೆ ಒಂದು ವಾರ ನನ್ನ ಮೇಲೆ ಸಿಟ್ಟಿತ್ತು.

ಆದರೆ ಆ ವರ್ಷವೇ ಅವಳೂ ಅವಳ ಜೊತೆಗಾರರೂ ಒಟ್ಟಿಗೆ ಕಂಪನಿ ಬಿಟ್ಟರು. ಪತ್ರಿಕೆಯ ಹೆಸರು ಕಂಪನಿಯ ಆಸ್ತಿಯಂತೆ, ಅದು ಅಲ್ಲೇ ಉಳಿಯಿತು. ಇವರು ಬೇರೆ ಹೆಸರಿಟ್ಟುಕೊಂಡು ನಮ್ಮ ಮಹಡಿಗೆ ಬಂದರು. ಖರ್ಚನ್ನು ಕೆಲವು ಕಾಲೇಜುಗಳ ಲೈಬ್ರರಿಗಳು ಹಂಚಿಕೊಂಡವು. ಬರೆಯಲು ದುಡ್ಡಿಲ್ಲ, ಓದಲು ದುಡ್ಡಿಲ್ಲ, ಬೀಗ ಇಲ್ಲ. ಯಾರಾದರೂ ಓದಬಹುದು ಅನ್ನುವುದು ಅಕ್ಕನ ಹಟ. ಅದಕ್ಕಾಗಿ ಲೇಖನಗಳು ಜನರ ಮಾತಿನಲ್ಲಿರಬೇಕು ಅಂತ ಕಾನೂನು ಮಾಡಿದಳು. ಹೊಸದೊಂದು ಬಂದಾಗಲೆಲ್ಲ ಅದನ್ನು ಅಚ್ಚು ಹಾಕಿ ಮೆಟ್ಟಿಲ ಪಕ್ಕದ ಗೋಡೆಗೆ ಕ್ಲಿಪ್ಪಿನಲ್ಲಿ ತೂಗುಹಾಕುತ್ತಿದ್ದಳು. ಗ್ರಿಲ್ಲಿಗೆ ಕಾಯುವ ಗಿರಾಕಿಗಳು ಅದನ್ನು ತಿರುವಿ ಹಾಕಿ, ಅಯ್ಯಪ್ಪ, ಇನ್ನು ಆಸ್ಪತ್ರೆ ಕಡೆ ತಲೆ ಹಾಕಿ ಮಲಗಲ್ಲ ಅನ್ನುತ್ತಿದ್ದರು. ಅಕ್ಕನಿಗೆ ಅದರಲ್ಲೂ ಖುಷಿ.

ಅವರೆಲ್ಲ ಎಡವಿದ್ದು ಒಂದೇ ಕಡೆ. ಬೀಗವಿದ್ದ ಕಾಲದಲ್ಲಿ ಓದುತ್ತಿದ್ದವರು ಡಾಕ್ಟರುಗಳು ಮಾತ್ರ. ರೋಗಿಯ ಹೆಸರು ಬಿಟ್ಟರೆ ಸಾಕು, ಉಳಿದದ್ದೆಲ್ಲ ಬರೆಯುವುದು ರೂಢಿ. ಬೀಗ ತೆಗೆದರು, ಕೈ ಮಾತ್ರ ಹಳೆಯ ರೂಢಿಯಲ್ಲೇ ಬರೆಯುತ್ತಿತ್ತು. ಡಾಕ್ಟರಮ್ಮ ಬರೆದದ್ದೂ ಹಾಗೇ. ಅವಳು ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಮದ್ದು ಕೊಡುವ ಡಾಕ್ಟರು. ರೋಗಿಯ ಎಡ ಮುಂಗೈ ತುಂಬ ಹಳೆಯ ಸುಟ್ಟ ಕಲೆ, ಕುಲುಮೆಯ ಕೆಲಸ, ಅಲ್ಲಿ ರಕ್ತನಾಳ ಸಿಗಲಿಲ್ಲ ಅಂತ ಬರೆದಿದ್ದಳು. ಉಸಿರಿನ ನಳಿಕೆ ಹಾಕುವಾಗ ಅದು ಅನ್ನನಾಳಕ್ಕೆ ಹೋಯಿತು. ಉಸಿರು ತಪ್ಪಿದರೆ ಎಚ್ಚರಿಸುವ ಯಂತ್ರ ಕೂಗಬೇಕಿತ್ತು, ಕೂಗಲಿಲ್ಲ. ಸದ್ದು ಕಿರಿಕಿರಿ ಅಂತ ಸರ್ಜನ್ ಹೇಳಿದ್ದಕ್ಕೆ ಇವಳು ಅದನ್ನು ಮೊದಲೇ ಬಂದ್ ಮಾಡಿದ್ದಳು. ಗೊತ್ತಾಗುವಷ್ಟರಲ್ಲಿ ಮುಗಿದಿತ್ತು. ಬರೆದವರ ಜಾಗದಲ್ಲಿ ಇವಳೊಬ್ಬಳ ಹೆಸರು. ಸರ್ಜನ್ ಸಹಿ ಹಾಕಲು ಒಪ್ಪಿರಲಿಲ್ಲ.

ಆ ದಿನ ಲಾರಿ ಕಬ್ಬಿಣ ತರುವುದು ತಡವಾಗಿತ್ತು. ಹೊತ್ತು ಹೋಗದೆ ಸುತ್ತಿಗೆ ಗೋಡೆಯ ಹಾಳೆ ಕೈಗೆ ತೆಗೆದುಕೊಂಡ. ಓದಿದ. ಅಕ್ಕನಿಗೆ ಹೊಳೆಯದೇ ಹೋದದ್ದು ಅವನಿಗೆ ಹೊಳೆಯಿತು: ಆ ಸುಟ್ಟ ಕೈ ತನ್ನ ಹೆಂಡತಿಯದು. ಅಷ್ಟರಲ್ಲಿ ಡಾಕ್ಟರಮ್ಮ ಮಹಡಿಗೆ ಹೋಗಲು ಬಂದಳು, ಮೆಟ್ಟಿಲ ಬುಡದಲ್ಲಿ ನಿಂತಿದ್ದ ಸುತ್ತಿಗೆಗೆ ನಮಸ್ಕಾರ ಹೇಳಿದಳು. ಇದು ಬರೆದಿದ್ದು ನೀವೇನಾ ಅಂತ ಅವನು ಕೇಳಿದ. ಹೌದು ಅಂದಳು. ಅಷ್ಟೇ ಆದದ್ದು.

ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು. ಅವನು ನಡೆಯುವ ಹಾಗಿರಲಿಲ್ಲ, ಮೊಣಕಾಲು ನಾನು ಒಡೆದಿದ್ದೆ. ಅಕ್ಕ ಡಾಕ್ಟರಮ್ಮನ ಕೈಗೆ ಎರಡು ಸ್ಕೇಲು ಕಟ್ಟಿ ಕಾರಿಗೆ ಹತ್ತಿಸಿದಳು. ಮೆಟ್ಟಿಲ ರಕ್ತಕ್ಕೆ ನಾನು ನೀರು ಸುರಿದೆ. ಅದರಲ್ಲಿ ನನ್ನದೆಷ್ಟು, ಅವರದೆಷ್ಟು, ಯಾರಿಗೆ ಗೊತ್ತು.

ಮರುದಿನ ಸ್ಟೇಷನ್ನಿಗೆ ಹೋದೆ. ಕಂಬಿಯ ಆ ಕಡೆ ಕಾಲು ಚಾಚಿ ಕೂತಿದ್ದ. ಮುಖದ ಒಂದು ಪಕ್ಕ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನನ್ನ ತುಟಿಯ ಹೊಲಿಗೆ ನೋಡಿ, ಚೆನ್ನಾಗಿದೆ, ಈಗ ನೋಡೋ ಹಾಗಾಗಿದೀಯ ಅಂದ. ನಾನು ಬೈದೆ. ಇನ್ನೊಂದು ಏಟು ಬಿದ್ದಿದ್ದರೆ ನೀನು ನೇಣಿಗೆ ಹೋಗುತ್ತಿದ್ದೆ, ತಾಯಿಯಿಲ್ಲದ ನಿನ್ನ ಮಗಳನ್ನು ಯಾರು ನೋಡಿಕೊಳ್ಳುತ್ತಿದ್ದರು ಅಂದೆ. ನೀನಿದ್ದೀಯಲ್ಲ ಅಂದ.

"ಹೃದಯ ವೀಕು ಅಂದಿದ್ರು," ಅಂದ. "ಎರಡು ವರ್ಷ ಅವಳನ್ನ ಬೈದಿದೀನಿ ಕಣೋ. ಹೇಳದೇನೇ ಮುಚ್ಚಿಟ್ಟು ಹೋದ್ಯಲ್ಲೇ ಅಂತ ಫೋಟೋ ಮುಂದೆ ನಿಂತು ಬೈದಿದೀನಿ. ಬಾಮೈದನ ಮೂಗು ಮುರ್ದೆ. ಅವಳಿಗೇನೂ ಆಗಿರ್ಲಿಲ್ಲ. ಗಟ್ಟಿಯಾಗೇ ಇದ್ಲು."

ಕಂಬಿಗೆ ಹಣೆ ಕೊಟ್ಟ. ಒಂದು ಸಲ ಕೊಟ್ಟ, ಆಮೇಲೆ ಜೋರಾಗಿ ಕೊಟ್ಟ. ಕಾನ್‌ಸ್ಟೇಬಲ್ ಬಂದು ಹಿಂದಕ್ಕೆ ಎಳೆಯುವವರೆಗೂ ಕೊಡುತ್ತಲೇ ಇದ್ದ.

ನಾನು ಅಲ್ಲಿಂದ ನೇರ ಆ ಸರ್ಜನ್ನಿನ ಆಸ್ಪತ್ರೆಗೆ ಹೋದೆ. ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ನಿಂತು, ಯಂತ್ರದ ಬಾಯಿ ಮುಚ್ಚಿಸಿದವನು ಹೊರಗೆ ಬರಲಿ ಅಂತ ಕೂಗಾಡಿದೆ. ಕಾವಲಿನವರು ನನ್ನನ್ನು ಎತ್ತಿ ರಸ್ತೆಗೆ ಹಾಕಿದರು. ಒಬ್ಬನಿಗೆ ಒದ್ದೆ, ಅವರು ಮೂರ್ನಾಲ್ಕು ಜನ ಸೇರಿ ಒದ್ದರು.

ಅದಕ್ಕೆ ಉತ್ತರ ಆ ಸಂಜೆಯೇ ಬಂತು. ಇಬ್ಬರು ದಾಂಡಿಗರು ವರ್ಕ್‌ಶಾಪಿಗೆ ಬಂದು, ಮಹಡಿಯವರು ಯಾರು, ಆ ಲೇಖನ ತೆಗೆಯಬೇಕಂತೆ, ದೊಡ್ಡವರು ಹೇಳಿದಾರೆ ಅಂದರು. ಯಾವ ದೊಡ್ಡವರು ಅಂತ ಕೇಳಿದ್ದಕ್ಕೆ ಒಬ್ಬ ನನ್ನ ಹೊಟ್ಟೆಗೆ ಗುದ್ದಿದ. ಇನ್ನೊಬ್ಬ ಮೇಲೆ ಓಡಿದ. ನಾನು ಉಸಿರು ಎಳೆದುಕೊಂಡು ಚೈನ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಮೇಲೆ ಗಾಜು ಒಡೆಯಿತು, ಕಂಪ್ಯೂಟರ್ ಒಂದು ಕಿಟಕಿಯಿಂದ ಹೊರಗೆ ಬಂದು ನನ್ನ ಹೊಸ ಗೇಟಿನ ಮೇಲೆ ಬಿತ್ತು. ಕೆಳಗಿದ್ದವನ ಬೆನ್ನಿಗೆ ಚೈನ್ ಬೀಸಿದೆ. ಅಂಗಿ ಹರಿದು ಚರ್ಮ ಕಂಡಿತು. ಅವನು ಬೀದಿಗೆ ಓಡಿದ. ಮೇಲೆ ಹತ್ತಿ ನೋಡಿದರೆ ಅಕ್ಕ ಮೇಜಿನ ಹಿಂದೆ ನಿಂತಿದ್ದಳು, ಹಣೆಯಿಂದ ರಕ್ತ ಕನ್ನಡಕದ ಮೇಲೆ ಇಳಿಯುತ್ತಿತ್ತು. ಆದರೂ ಆ ದಾಂಡಿಗನಿಗೆ ಪಾಠ ಹೇಳುವ ದನಿಯಲ್ಲೇ ಹೇಳುತ್ತಿದ್ದಳು: ಅದು ಈ ಡಬ್ಬಿಯಲ್ಲಿಲ್ಲಪ್ಪ. ಅಷ್ಟೂ ಲೈಬ್ರರಿಗಳಲ್ಲಿ ಒಂದೊಂದು ಪ್ರತಿ ಇದೆ. ನೀನು ಎಷ್ಟು ಊರು ಸುತ್ತುತ್ತೀಯ?

ಅವನಿಗೆ ಅದು ತಲೆಗೆ ಹೋಗಲಿಲ್ಲ. ಇನ್ನೊಂದು ಕಂಪ್ಯೂಟರ್ ಎತ್ತಿದ. ನಾನು ಚೈನನ್ನು ಅವನ ಕಣಕಾಲಿಗೆ ಸುತ್ತಿ ಎಳೆದೆ. ಅವನು ಬಿದ್ದ, ಕಂಪ್ಯೂಟರ್ ಅವನ ಮುಖದ ಮೇಲೆ ಬಿತ್ತು. ಮೂಗು ಹೋಯಿತು, ಮುಂದಿನ ಹಲ್ಲೂ ಹೋಯಿತು. ಅಕ್ಕನೇ ಅವನನ್ನು ಕೂರಿಸಿ ಹತ್ತಿ ಒತ್ತಿದಳು. ಒತ್ತುತ್ತಾ ನನಗೆ ಬೈದಳು. ಅವನಿಗಲ್ಲ, ನನಗೆ.

ಮಾರನೆಯ ದಿನ ಕಂಪನಿಯವನು ಬಂದ. ಹಳೆಯ ಪರಿಚಯ, ಅಕ್ಕನನ್ನು ಮೇಡಂ ಅನ್ನುವವನು. ನಾವು ಗಾಜು ಗುಡಿಸುತ್ತಿದ್ದೆವು. ಚೂರುಗಳ ಮೇಲೆ ಶೂ ಇಟ್ಟು ಜೋಪಾನವಾಗಿ ನಡೆದು ಬಂದು ಕುರ್ಚಿ ಒರೆಸಿಕೊಂಡು ಕೂತ. ಒಳ್ಳೆಯ ಮಾತೇ ಆಡಿದ, ಸುಳ್ಳು ಹೇಳಬಾರದು. ಪತ್ರಿಕೆ ವಾಪಸ್ ತನ್ನಿ, ಹಳೆಯ ಹೆಸರು ನಿಮ್ಮದೇ, ವಕೀಲರು ನಮ್ಮವರು, ಕೋರ್ಟು ಕಚೇರಿ ನಾವು ನೋಡಿಕೊಳ್ಳುತ್ತೇವೆ ಅಂದ. ಅಕ್ಕ ಗುಡಿಸುತ್ತಲೇ ಇದ್ದಳು. ಆಗ ಅವನು ನಿಜವಾದ ಮಾತು ತೆಗೆದ.

"ನಮ್ಮ ಬೀಗ ಇದ್ದಷ್ಟು ಕಾಲ ಒಬ್ಬ ಡಾಕ್ಟರ ಕೈಯೂ ಮುರಿದಿರ್ಲಿಲ್ಲ ಮೇಡಂ. ಅದನ್ನ ಬರೀ ದುಡ್ಡಿನ ಬೀಗ ಅಂದ್ಕೊಂಡ್ರಿ. ಅದರ ಹಿಂದೆ ಕೂತು ಜನ ಧೈರ್ಯವಾಗಿ ನಿಜ ಬರೀತಿದ್ರು. ಈಗ ಯಾರು ಬರೀತಾರೆ?"

ನಾನು ಕಾಲರ್ ಹಿಡಿದು ಅವನನ್ನು ಎಬ್ಬಿಸಿದೆ. ಮೆಟ್ಟಿಲಿಂದ ತಳ್ಳುವ ಮನಸ್ಸಿತ್ತು. ಅಕ್ಕ ಪೊರಕೆ ಅಡ್ಡ ಹಿಡಿದಳು. ಬಿಡು, ಅವನು ಕೇಳಿದ್ದು ಸರಿಯಾಗೇ ಇದೆ ಅಂದಳು. ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ಅಪ್ಪ ಸತ್ತಾಗಲೂ ಆ ಮುಖ ನೋಡಿರಲಿಲ್ಲ. ಬೀಗ ತೆಗೆಯಲು ಅವಳು ಎಷ್ಟು ವರ್ಷ ಗುದ್ದಾಡಿದಳು ಅಂತ ನಾನು ನೋಡಿದ್ದೆ. ಈಗ ಅದೇ ಕೈಯಿಂದ ಮತ್ತೆ ಹಾಕಬೇಕಾಗಬಹುದು ಅಂತ ಅವಳಿಗೆ ಅನ್ನಿಸುತ್ತಿತ್ತು.

ಅನ್ನಿಸುವುದಕ್ಕೆ ಕಾರಣವೂ ಇತ್ತು. ಜೊತೆಗಾರ ಡಾಕ್ಟರುಗಳು ಒಬ್ಬೊಬ್ಬರೇ ಫೋನ್ ಮಾಡಿ ತಮ್ಮ ಲೇಖನ ವಾಪಸ್ ಕೇಳುತ್ತಿದ್ದರು. ನನಗೆ ಚಿಕ್ಕ ಮಕ್ಕಳಿದಾರೆ ಅನ್ನುವವರು, ನನ್ನ ಹೆಂಡತಿ ಒಪ್ಪುತ್ತಿಲ್ಲ ಅನ್ನುವವರು. ಮೊನ್ನೆ ಮೊನ್ನೆ ಭಾಷಣ ಹೊಡೆದವನೊಬ್ಬ ಫೋನನ್ನೂ ತನ್ನ ಹೆಂಡತಿಯ ಕೈಯಲ್ಲೇ ಮಾಡಿಸಿದ. ಕೊನೆಗೆ ಅಕ್ಕ ಎಲ್ಲರನ್ನೂ ಮಹಡಿಗೆ ಕರೆದಳು.

ಕಿಟಕಿಗೆ ಇನ್ನೂ ಗಾಜು ಹಾಕಿರಲಿಲ್ಲ, ನಾನು ತಗಡು ಬಡಿದಿದ್ದೆ. ಯಾರೂ ಒಳಗೆ ನುಗ್ಗದ ಹಾಗೆ ನೋಡಿಕೋ ಅಂತ ಅಕ್ಕ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದಳು. ಅವರಲ್ಲಿ ಹೆಚ್ಚಿನವರದು ಒಂದೇ ಮಾತು: ಲೇಖನ ತೆಗೆಯಿರಿ, ಮುಂದೆ ಡಾಕ್ಟರುಗಳು ಮಾತ್ರ ಓದುವ ಹಾಗೆ ಮಾಡಿ. ದುಡ್ಡು ಬೇಡ, ಆದರೆ ಬೀಗ ಬೇಕು. ಅವರಲ್ಲಿ ಹಿರಿಯರೊಬ್ಬರಿದ್ದರು, ಹೊಟ್ಟೆಯ ಆಪರೇಷನ್ ಮಾಡಿ ಮಾಡಿ ಕೂದಲು ಬಿಳಿಯಾದವರು. ಅವರೂ ತಲೆ ಆಡಿಸಿದರು. ಅಕ್ಕ ಎಲ್ಲ ಕೇಳಿಸಿಕೊಂಡಳು. ಕೊನೆಗೆ, ಸರಿ, ನಾಳೆ ತೆಗೆಯುತ್ತೇನೆ ಅಂದಳು. ಅಷ್ಟೇ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಗ ಡಾಕ್ಟರಮ್ಮ ಬಂದಳು. ಅವಳನ್ನು ಕರೆದಿರಲಿಲ್ಲ, ಆಸ್ಪತ್ರೆಯಲ್ಲಿ ಮಲಗಿರುತ್ತಾಳೆ ಅಂದುಕೊಂಡಿದ್ದರು. ಕೈಯೊಳಗೆ ಕಬ್ಬಿಣದ ಪಟ್ಟಿ ಕೂರಿಸಿ ಭುಜದವರೆಗೆ ಪ್ಲಾಸ್ಟರ್ ಹಾಕಿದ್ದರು. ಮೆಟ್ಟಿಲು ಹತ್ತುವಾಗ ಅವತ್ತು ಏಟು ಬಿದ್ದ ಜಾಗಕ್ಕೆ ಬಂದು ನಿಂತಳು. ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ಕೈ ಕೊಡಲು ಹೋದೆ. ಮುಟ್ಟಬೇಡಿ ಅಂದಳು.

ಕೂತವರಲ್ಲಿ ಒಬ್ಬ ಅಯ್ಯೋ ಪಾಪ ಅಂದ. ಅವಳು ಅವನ ಕಡೆ ನೋಡಲಿಲ್ಲ.

"ಅವರು ನನ್ನನ್ನ ಹೊಡೆದದ್ದು ತಪ್ಪು," ಅಂದಳು. "ಕೇಸು ವಾಪಸ್ ತಗೊಳ್ಳಲ್ಲ. ಜೈಲಿಗೆ ಹೋದ್ರೆ ಹೋಗ್ಲಿ. ಆದ್ರೆ ನೀವು ಬೀಗ ಹಾಕಿದ್ರೆ ನಾನು ಈ ಪತ್ರಿಕೆಗೆ ಇನ್ನೊಂದು ಅಕ್ಷರ ಬರೆಯಲ್ಲ."

ಆಮೇಲೆ ಹೇಳಿದಳು. ಒಂದು ಸಣ್ಣ ಆಸ್ಪತ್ರೆಯ ನರ್ಸ್ ಅವಳಿಗೆ ಫೋನ್ ಮಾಡಿದ್ದಳಂತೆ. ಕಂಪನಿಯ ಪತ್ರಿಕೆಯನ್ನು ಅವರ ಆಸ್ಪತ್ರೆಯವರು ಕಣ್ಣಲ್ಲೂ ಕಂಡಿರಲಿಲ್ಲ. ಇದು ಪುಕ್ಕಟೆ ಸಿಕ್ಕಿತು, ಓದಿದರು, ತಮ್ಮ ಯಂತ್ರದ ಬಾಯಿಯೂ ಮುಚ್ಚಿರುವುದು ನೋಡಿ ತೆರೆದರು. ಆ ವಾರವೇ ಅದು ಕೂಗಿತು. ನಳಿಕೆ ಎಳೆದು ಸರಿಯಾಗಿ ಹಾಕಿದರು. ಆ ರೋಗಿ ನಡೆದುಕೊಂಡು ಮನೆಗೆ ಹೋದ.

ಹಿರಿಯ ಡಾಕ್ಟರು, ಅದು ಸರಿಯಮ್ಮ, ಆದರೆ ಮುಂದಿನವರು ನಿನ್ನ ಕೈಗಲ್ಲ, ತಲೆಗೇ ಹೊಡೆದರೆ ಅಂತ ಕೇಳಿದರು.

"ಹೊಡೆದಿದ್ದು ಯಾಕೆ ಅಂತ ಮಲಗಿಕೊಂಡು ಯೋಚಿಸಿದೆ ಸರ್. ಅವರ ಹೆಂಡತಿ ಹೇಗೆ ಸತ್ಲು ಅಂತ ಅವರು ಗೋಡೆ ಮೇಲೆ ಓದಿದ್ರು. ನನಗೆ ಅವರ ಮನೆ ಗೊತ್ತಿತ್ತು. ದಿನಾ ಆ ಬೀದೀಲೇ ಬಸ್ ಹಿಡೀತೀನಿ. ಪ್ರಪಂಚಕ್ಕೆಲ್ಲ ಬರೆದೆ, ಆ ಮನೆ ಬಾಗಿಲು ತಟ್ಟಲಿಲ್ಲ."

ತಗಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಆಗ ನಾನು, ಕೇಳದಿದ್ದರೂ, ಸುತ್ತಿಗೆ ಕಂಬಿಯ ಹಿಂದೆ ಹೇಳಿದ್ದನ್ನು ಅವರ ಎದುರು ಹೇಳಿದೆ: ಫೋಟೋಗೆ ಬೈದದ್ದು, ಬಾಮೈದನ ಮೂಗು. ಡಾಕ್ಟರಮ್ಮನ ಮುಖ ಬಿಳಿಚಿತು. ಹೃದಯ ವೀಕ್ ಅನ್ನುವ ಮಾತು ಹೇಳಿದ್ದು ಸರ್ಜನ್. ಅವನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವಳು ಇವಳು.

ಅಕ್ಕ ಎದ್ದು ನಿಂತಳು. ಹಣೆಯ ಮೇಲೆ ಪಟ್ಟಿ ಇತ್ತು, ದನಿ ವಾಪಸ್ ಬಂದಿತ್ತು. ಲೇಖನ ತೆಗೆಯುವುದಿಲ್ಲ, ಬೀಗ ಹಾಕುವುದಿಲ್ಲ ಅಂದಳು. ಇವತ್ತಿನಿಂದ ಹೊಸ ಕಾನೂನು. ತಪ್ಪು ಮಾಡಿದವರು ಮೊದಲು ಆ ಮನೆಗೆ ಹೋಗಬೇಕು. ಎದುರು ಕೂತು ಪೂರ್ತಿ ಹೇಳಬೇಕು. ಗುರುತು ಎಷ್ಟಿರಬೇಕು, ಇರಬಾರದು ಅಂತ ಆ ಮನೆಯವರು ಹೇಳಬೇಕು. ಆಮೇಲೆ ಲೇಖನ ಮೇಜಿಗೆ ಬರಬೇಕು. ಹೋಗಲು ಧೈರ್ಯ ಇಲ್ಲದವರು ಕಂಪನಿಗೆ ಬರೆಯಲಿ, ಅಲ್ಲಿ ಬೀಗ ಇದೆ.

ಅರ್ಧ ಜನ ಎದ್ದು ಹೋದರು. ನಾನೇ ಬಾಗಿಲು ತೆಗೆದುಕೊಟ್ಟೆ. ಹಿರಿಯ ಡಾಕ್ಟರು ಕೂತೇ ಇದ್ದರು. ಅವರದೂ ಒಂದು ಲೇಖನ ಕೈಯಲ್ಲಿತ್ತು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಭಾನುವಾರ ಹೋಗುತ್ತೇನೆ ಅಂದರು. ನನ್ನ ಕಡೆ ತಿರುಗಿ, ನೀವು ಜೊತೆಗೆ ಬರ್ತೀರಾ ಅಂದರು. ಬರ್ತೀನಿ ಸರ್, ಯಾರು ಕೈ ಎತ್ತುತ್ತಾರೋ ನೋಡೇಬಿಡೋಣ ಅಂದೆ.

ಸುತ್ತಿಗೆಗೆ ಜಾಮೀನು ಸಿಕ್ಕಿತು. ಕುಂಟಿಕೊಂಡು ಕುಲುಮೆಗೆ ಬರತೊಡಗಿದ. ಮಹಡಿಯ ಕಡೆ ತಲೆ ಎತ್ತುತ್ತಿರಲಿಲ್ಲ. ಡಾಕ್ಟರಮ್ಮ ಒಂದು ದಿನ ಅಕ್ಕನ ಜೊತೆ ಕೆಳಗೆ ಬಂದು, ಬೆಂಕಿಯಿಂದ ಇಷ್ಟು ದೂರ ನಿಂತು, ಆವತ್ತು ಆ ಕೋಣೆಯಲ್ಲಿ ಆದದ್ದೆಲ್ಲ ಅವನಿಗೆ ಹೇಳಿದಳು. ಅವನು ಕಬ್ಬಿಣ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳು ಪ್ರತಿ ಏಟಿಗೂ ಮೈ ಬಿಗಿ ಹಿಡಿಯುತ್ತಾ ಕೊನೆಯವರೆಗೂ ಹೇಳಿದಳು. ಅವನು ಕ್ಷಮೆ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳು ಹೋದ ಮೇಲೆ ನೋಡಿದರೆ ಅವನು ಬಡಿದದ್ದು ಕಾದ ಕಬ್ಬಿಣವನ್ನೇ ಅಲ್ಲ, ಅದನ್ನಿಟ್ಟು ಬಡಿಯುವ ಖಾಲಿ ಅಡಿಗಲ್ಲನ್ನು.

ಇದೆಲ್ಲ ಆಮೇಲಿನದು. ಅದಕ್ಕೂ ಮುಂಚೆ, ಆ ಭಾನುವಾರ ಬೆಳಗ್ಗೆ, ಹಿರಿಯ ಡಾಕ್ಟರೂ ನಾನೂ ಅವರ ಲೇಖನದ ರೋಗಿಯ ಮನೆಗೆ ಹೋದೆವು. ಬಾಡಿಗೆ ಮನೆಗಳ ಕಟ್ಟಡ, ಕಿರಿದಾದ ಮೆಟ್ಟಿಲು, ಬಾಗಿಲ ಮುಂದೆ ಚಪ್ಪಲಿಗಳು. ಅಣ್ಣ ತಂಗಿ ಇಬ್ಬರೇ ಇದ್ದರು. ಅಣ್ಣ ಬಸ್ ಡ್ರೈವರ್, ನನ್ನ ಎರಡರಷ್ಟಿದ್ದ. ಅಮ್ಮನ ಆಪರೇಷನ್ ಮಾಡಿದ ಡಾಕ್ಟರು ಬಂದಿದ್ದಾರೆ ಅಂತ ಅವನು ಸಂಭ್ರಮಪಟ್ಟ. ತಂಗಿಗೆ ನೀರು ತರಲು ಹೇಳಿದ. ಡಾಕ್ಟರನ್ನು ಇದ್ದ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ ತಾನು ಕಬ್ಬಿಣದ ಮಡಚು ಕುರ್ಚಿ ಎಳೆದುಕೊಂಡ. ಅಮ್ಮ ಸಾಯುವಾಗಲೂ ನಿಮ್ಮ ಹೆಸರು ಹೇಳುತ್ತಿದ್ದಳು ಸರ್, ದೇವರಂಥ ಡಾಕ್ಟರು ಅನ್ನುತ್ತಿದ್ದಳು ಅಂದ. ಡಾಕ್ಟರು ತುಟಿಗೆ ತಂದ ಲೋಟವನ್ನು ಕುಡಿಯದೇ ಇಳಿಸಿದರು.

ಲೋಟ ಕೆಳಗಿಟ್ಟು ಹೇಳಿದರು. ಆಪರೇಷನ್ ಮಾಡುವಾಗ ರಕ್ತ ಹೀರಲು ಬಟ್ಟೆ ಇಡುತ್ತೇವೆ. ಮುಗಿದ ಮೇಲೆ ಎಣಿಸಬೇಕು. ನರ್ಸ್ ಒಂದು ಕಡಿಮೆ ಬರುತ್ತಿದೆ ಅಂದಳು, ನಾನು ಅವಳಿಗೆ ಗದರಿ ಹೊಟ್ಟೆ ಹೊಲಿದೆ. ಅದು ಒಳಗೇ ಉಳಿದು ಕೊಳೆಯಿತು. ನಿಮ್ಮ ಅಮ್ಮ ಸತ್ತದ್ದು ಅದರಿಂದ. ಸೋಂಕು ಅಂತ ಹೇಳಿದೆ, ಸುಳ್ಳಲ್ಲ, ಆದರೆ ಎಲ್ಲಿಂದ ಬಂತು ಅಂತ ಹೇಳಲಿಲ್ಲ.

ಡ್ರೈವರ್ ನಗುಮುಖ ಹಾಗೇ ಇಟ್ಟುಕೊಂಡು ಕೇಳಿಸಿಕೊಂಡಿದ್ದ, ಅದನ್ನು ಇಳಿಸುವುದೇ ಮರೆತವನ ಹಾಗೆ. ಬಟ್ಟೆ ಎಷ್ಟು ದೊಡ್ಡದು ಅಂತ ಕೇಳಿದ. ಡಾಕ್ಟರು ಎರಡೂ ಕೈ ಅಗಲಿಸಿ ತೋರಿಸಿದರು.

ಅವನು ಎದ್ದು ಕೆನ್ನೆಗೆ ಬಿಟ್ಟ. ಹಿರಿಯರ ಕನ್ನಡಕ ಗೋಡೆಗೆ ಹೋಗಿ ಬಿತ್ತು. ಇನ್ನೊಂದು ಬಿಟ್ಟ, ಬಾಯಿ ಒಡೆಯಿತು. ಆಮೇಲೆ ಮಡಚು ಕುರ್ಚಿ ಎತ್ತಿ ಅವರ ಭುಜಕ್ಕೆ ಹೊಡೆದ. ಏನೋ ಮುರಿದ ಸದ್ದು ಬಂತು. ಡಾಕ್ಟರು ಕುರ್ಚಿಯಿಂದ ಜಾರಿ ಮಂಡಿಯ ಮೇಲೆ ಬಿದ್ದರು.

ನಾನು ಅಷ್ಟರಲ್ಲಿ ಅವನ ಹಿಂದೆ ಬಂದಿದ್ದೆ. ಅವನ ಕಿವಿಯ ಹಿಂದೆ ಹೊಡೆಯಬೇಕಾದ ಜಾಗ ನನಗೆ ಗೊತ್ತು, ಮುಷ್ಟಿ ಎತ್ತಿಯೂ ಆಗಿತ್ತು. ನೆಲದಿಂದ ಹಿರಿಯ ಡಾಕ್ಟರು ಕೈ ಎತ್ತಿ ಬೇಡ ಅಂದರು. ಬಾಯಲ್ಲಿ ರಕ್ತ ತುಂಬಿ ಮಾತು ಸರಿಯಾಗಿ ಬರಲಿಲ್ಲ.

"ನಾನಿನ್ನೂ ಮುಗಿಸಿಲ್ಲ," ಅಂದರು. "ಪೂರ್ತಿ ಹೇಳ್ಬೇಕು."

ಡ್ರೈವರ್ ಕುರ್ಚಿಯನ್ನು ಮತ್ತೆ ತಲೆಯ ಮೇಲಕ್ಕೆ ಎತ್ತಿದ್ದ. ಒಳಬಾಗಿಲಲ್ಲಿ ನಿಂತ ತಂಗಿ ನೆಲದ ಮೇಲಿನ ಮುದುಕನನ್ನೇ ನೋಡುತ್ತಿದ್ದಳು.

"ಅಣ್ಣ, ಇರು. ಹೇಳ್ಲಿ," ಅಂದಳು. "ಆ ನರ್ಸ್ ಏನಂದ್ಲು? ಮೊದಲಿಂದ ಹೇಳಿ. ಒಂದೂ ಬಿಡ್ಬೇಡಿ."

ಅವರು ನೆಲದ ಮೇಲೇ ಕೂತು, ಗೋಡೆಗೆ ಒರಗಿ, ಮುರಿದ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮೊದಲಿಂದ ಹೇಳಿದರು. ನಡುವೆ ರಕ್ತ ಉಗುಳಬೇಕಾದಾಗ ತಂಗಿ ಆ ನೀರಿನ ಲೋಟವನ್ನೇ ಮುಂದೆ ಹಿಡಿದಳು. ಅಣ್ಣ ಕುರ್ಚಿ ಕೆಳಗಿಡಲಿಲ್ಲ. ಹೇಳುವುದೆಲ್ಲ ಮುಗಿದ ಮೇಲೆ ಡಾಕ್ಟರು ಪತ್ರಿಕೆಯ ವಿಷಯ ತೆಗೆದರು. ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತೇವೆ, ಬೇರೆ ಯಾರೂ ಎಣಿಕೆ ಬಿಡದಿರಲಿ ಅಂತ. ನಿಮ್ಮ ಅಮ್ಮನ ಗುರುತು ಎಷ್ಟಿರಬೇಕು ನೀವು ಹೇಳಿ ಅಂದರು.

"ಅಮ್ಮನ ಸುದ್ದಿ ಏನೂ ಬೇಡ," ಅಂದಳು ತಂಗಿ. "ನಿಮ್ಮ ಹೆಸರು ಹಾಕಿ. ದೊಡ್ಡದಾಗಿ ಹಾಕಿ."

ಆಗಲಿ ಅಂದರು.

ಅವರನ್ನು ಎಬ್ಬಿಸಲು ನಾನು ಬಗ್ಗಿದೆ. ಅದೇ ಹೊತ್ತಿಗೆ ಅಣ್ಣ ಕುರ್ಚಿ ಬೀಸಿದ. ಅದು ಅವರಿಗೆ ಬೀಳಲಿಲ್ಲ, ನನ್ನ ಬೆನ್ನಿಗೆ ಬಿತ್ತು. ಉಸಿರು ಕಟ್ಟಿತು, ಕಣ್ಣಿಗೆ ಕತ್ತಲೆ ಬಂತು. ಅವನಿಗೆ ಯಾರಿಗೆ ಬಿತ್ತು ಅನ್ನುವುದೂ ಬೇಕಾಗಿರಲಿಲ್ಲ. ಇನ್ನೊಂದು ಬೀಸಿದ. ನಾನು ಹಿರಿಯರ ಮೇಲೆ ಅಡ್ಡವಾಗಿ ಬಗ್ಗಿಕೊಂಡೇ ಇದ್ದೆ. ಎರಡೂ ಕೈ ಅವರ ಕಂಕುಳ ಕೆಳಗಿದ್ದವು. ಬಿಟ್ಟು ತಿರುಗಿದ್ದರೆ ಅವನನ್ನು ಮಲಗಿಸುತ್ತಿದ್ದೆ. ತಿರುಗಲಿಲ್ಲ. ಹೊಡಿ ಅಂದೆ. ಅವನು ಕುರ್ಚಿಯ ಕಾಲು ಬಾಗುವವರೆಗೂ ಹೊಡೆದ. ಆಮೇಲೆ ಅದನ್ನು ಬಿಸಾಕಿ, ತಂಗಿಯ ಹೆಗಲಿಗೆ ಮುಖ ಒತ್ತಿ, ಅಮ್ಮ ಅಮ್ಮ ಅಂತ ಅಷ್ಟು ದೊಡ್ಡ ಆಳು ಚಿಕ್ಕ ಮಗುವಿನ ಹಾಗೆ ಕೂಗಿದ.

ನಾನು ಡಾಕ್ಟರನ್ನು ಎತ್ತಿಕೊಂಡು ಮೆಟ್ಟಿಲು ಇಳಿದೆ.